ರಿಕಂಬೆಂಟ್ ಸೈಕಲ್ಲಿನ ಸವೆದ ಚೈನನ್ನು ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ಬೆನ್ನುನೋವಿನಿಂದಾಗಿ ನಾನು ಒರಗಿ ಕುಳಿತು ತುಳಿಯುವ ರಿಕಂಬೆಂಟ್ ಸೈಕಲ್ ಬಳಸುತ್ತಿದ್ದೇನೆ. ಈ ಮಳೆಗಾಲ ಕಳೆದ ಮೇಲೆ ಕುಶಾಲನಗರದಿಂದ ಮಡಿಕೇರಿಗೆ ಏರುವಾಗ ಚೈನು ಹಲ್ಲುಗಳ ಮೇಲೆ ಜಾರುತ್ತಿದೆ. ಚೈನನ್ನು ನಾನೇ ಬದಲಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ಖಂಡಿತ ಬದಲಿಸಬಹುದು. ಮೊದಲು ಸವೆತವನ್ನು ಅಳೆಯಿರಿ. ಒಂದೊಂದು ಕೊಂಡಿಯೂ ಅರ್ಧ ಇಂಚು ಇರುವುದರಿಂದ, ಹೊಸ ಚೈನಿನಲ್ಲಿ 24 ಕೊಂಡಿಗಳು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇರುತ್ತವೆ. ಈ ಅಳತೆ ಇಂಚಿನ 1/16 ಭಾಗದಷ್ಟು ಹೆಚ್ಚಿದ್ದರೆ ಚೈನು ಬದಲಿಸುವ ಹೊತ್ತಾಗಿದೆ. 1/8 ಭಾಗ ಹೆಚ್ಚಿದ್ದರೆ ಹಿಂದಿನ ಕ್ಯಾಸೆಟ್ಟಿನ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ಹಲ್ಲುಗಳೂ ಸವೆದಿರುವ ಸಂಭವವೇ ಹೆಚ್ಚು. ನಿಮ್ಮ ಚೈನು ಹಲವು ತುಂಡುಗಳನ್ನು ಜೋಡಿಸಿದ್ದಾದ್ದರಿಂದ ಮೂರು ನಾಲ್ಕು ಕಡೆ ಅಳೆದು ನೋಡಿ.

ಸಾಮಾನ್ಯ ಸೈಕಲ್ಲಿನ ಚೈನಿನಲ್ಲಿ ಸುಮಾರು 114 ರಿಂದ 116 ಕೊಂಡಿಗಳಿದ್ದರೆ, ಪೆಡಲು ಮುಂದೆ ಇರುವ ನಿಮ್ಮಂಥ ಸೈಕಲ್ಲಿಗೆ ಅಂಥ ಎರಡೂವರೆ ಮೂರು ಚೈನುಗಳು ಬೇಕಾಗುತ್ತವೆ. ನಿಮ್ಮ ಹಿಂದಿನ ಗೇರುಗಳ ಸಂಖ್ಯೆಗೆ ಹೊಂದುವ ಚೈನುಗಳನ್ನೂ ಅವಕ್ಕೆ ತಕ್ಕ, ಚೈನಿನ ತುದಿಗಳನ್ನು ಜೋಡಿಸುವ ಕ್ವಿಕ್ ಲಿಂಕ್‌ಗಳನ್ನೂ ಕೊಳ್ಳಿ. ಚೈನ್ ಕಟರಿನಿಂದ ತುಂಡರಿಸುವಾಗ ಕ್ವಿಕ್ ಲಿಂಕ್ ಬೀಳುವ ಎರಡೂ ತುದಿಗಳಲ್ಲಿ ಒಳಕೊಂಡಿಯೇ (ಕಿರಿದಾದ ಕೊಂಡಿ) ಉಳಿಯುವಂತೆ ನೋಡಿಕೊಳ್ಳಿ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ: ಹಳೆಯ ಚೈನಿನ ಪಕ್ಕದಲ್ಲಿ ಹೊಸದನ್ನು ಹಾಸಿ, ಉದ್ದ ಸಮ ಮಾಡಿ ಕತ್ತರಿಸಬೇಡಿ, ಕೊಂಡಿಗಳನ್ನು ಎಣಿಸಿ. 320 ಕೊಂಡಿಗಳ ಚೈನು ಹೊಸದಿದ್ದಾಗ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಉದ್ದವಿದ್ದು, ಶೇಕಡ 0.75ರಷ್ಟು ಸವೆದರೂ ಮೂರು ಸೆಂಟಿಮೀಟರಿನಷ್ಟು ಹಿಗ್ಗಿರುತ್ತದೆ, ಅಂದರೆ ಎರಡು ಕೊಂಡಿಗಳಿಗಿಂತ ಹೆಚ್ಚು. ಗಿಡ್ಡ ಚೈನಿನಲ್ಲಿ ನಗಣ್ಯವಾಗುವ ಈ ವ್ಯತ್ಯಾಸ ನಿಮ್ಮ ಸೈಕಲ್ಲಿನಲ್ಲಿ ಸಡಿಲವಾಗಿ ಕಾಣಿಸಿಕೊಳ್ಳುತ್ತದೆ. ಎಣಿಸುವಾಗ ಕ್ವಿಕ್ ಲಿಂಕನ್ನೂ ಒಂದು ಕೊಂಡಿಯೆಂದು ಸೇರಿಸಿಕೊಳ್ಳಿ.

ಚೈನು ಬಿಚ್ಚುವ ಮುನ್ನ ಅದು ಉದ್ದ ಚೈನಿಗೆ ದಾರಿ ತೋರುವ ಐಡ್ಲರ್ ರಾಟೆಯ ಮೇಲೋ ಕೆಳಗೋ, ಯಾವ ಕೊಳವೆಯೊಳಗಿಂದ ಹೋಗುತ್ತದೆ ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಬಳಿಕ ಕೆಳಗಿನ ಸಾಲಿನಲ್ಲಿ ಬಿಚ್ಚಿ, ಹಳೆಯದರ ಬಾಲಕ್ಕೆ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆದರೆ ಚೈನಿನ ಹಾದಿಯಲ್ಲೆಲ್ಲ ದಾರ ಉಳಿಯುತ್ತದೆ. ಕೊಡಗಿನ ಮಳೆಯಲ್ಲಿ ಓಡಿದ ಸೈಕಲ್ಲಿನ ಕೊಳವೆಗಳೊಳಗೆ ಕೆಂಪು ಕೆಸರು ಮೆತ್ತಿಕೊಂಡಿರುವುದು ಸಹಜ. ಅದು ಎಣ್ಣೆಯೊಡನೆ ಬೆರೆತು ಉಪ್ಪುಕಾಗದದಂತೆ ಪಿನ್ನುಗಳನ್ನು ಉಜ್ಜುತ್ತದೆ. ಆದ್ದರಿಂದ ಅದೇ ದಾರಕ್ಕೆ ಬಟ್ಟೆಯ ತುಂಡನ್ನೂ, ಅದರ ಹಿಂದೆ ಮತ್ತೊಂದು ದಾರವನ್ನೂ ಕಟ್ಟಿ ಎಳೆದು ಕೊಳವೆಗಳನ್ನು ಒರೆಸಿ, ಆ ಎರಡನೆಯ ದಾರದಿಂದ ಹೊಸ ಚೈನನ್ನು ಎಳೆದುಕೊಳ್ಳಿ.

ತುದಿಗಳನ್ನು ಜೋಡಿಸಿ, ಹಿಂದಿನ ಬ್ರೇಕು ಹಿಡಿದು ಪೆಡಲನ್ನು ಒತ್ತಿದರೆ ಕ್ವಿಕ್ ಲಿಂಕ್ ಟಕ್ಕೆಂದು ಕೂರುತ್ತದೆ. ಅದು ಮೇಲಿನ, ಎಳೆತದ ಸಾಲಿನಲ್ಲಿರಬೇಕು. ಮೊದಲ ಓಡಾಟವನ್ನು ಸಣ್ಣ ಏರಿನಲ್ಲಿ ಮಾಡಿ. ನೀವು ಹೆಚ್ಚಾಗಿ ಬಳಸುವ ಗೇರುಗಳಲ್ಲಿ ಮಾತ್ರ ಹೊಸ ಚೈನೂ ಜಾರಿದರೆ ಕ್ಯಾಸೆಟ್ಟನ್ನೂ ಬದಲಿಸಬೇಕಾಗುತ್ತದೆ. ಐಡ್ಲರ್ ರಾಟೆಯ ಹಲ್ಲುಗಳು ಒಂದೇ ಕಡೆಗೆ ಬಾಗಿ ಚೂಪಾಗಿದ್ದರೆ ಅದನ್ನೂ ಜೊತೆಗೇ ಬದಲಿಸಿಬಿಡಿ.