ಓದುಗರ ಪ್ರಶ್ನೆ: ಸಂಶೋಧನೆಯಲ್ಲಿ ಉಪಕೇಂದ್ರದ ನರ್ಸ್‌ಗೆ ಏನು ಕೆಲಸ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಲಿರುವ ತಂಡವೊಂದು, ಮನೆಮನೆಗೆ ಹೋಗಿ ಫಾರಂ ತುಂಬಿಸಿ, ರಕ್ತ ಪರೀಕ್ಷಿಸಿ ಕೊಡುವಂತೆ ಕೇಳಿದೆ. ವಿದೇಶಗಳಲ್ಲಿ, ಹೆಚ್ಚಿನ ತರಬೇತಿ ಪಡೆದು ತಾವೇ ರೋಗಿಗಳನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವ ನರ್ಸ್ ಪ್ರಾಕ್ಟೀಷನರ್‌ಗಳೇ ಸಂಶೋಧನೆ ನಡೆಸುತ್ತಾರೆಂದು ಓದಿದ್ದೇನೆ. ನಮ್ಮ ಪಾಲಿಗೆ ಇಷ್ಟೇ ಕೆಲಸವೇ?
— ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ನರ್ಸ್ ಪ್ರಾಕ್ಟೀಷನರ್ ತರಬೇತಿ 1965ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಆ ಹೆಸರಿನಲ್ಲಿ ತೀವ್ರ ನಿಗಾ ಚಿಕಿತ್ಸೆಗೆ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನೂ ಹೆರಿಗೆ ಸೇವೆಗೆ 18 ತಿಂಗಳ ತರಬೇತಿಯನ್ನೂ ರೂಪಿಸಿದೆ. ನಿಮ್ಮದು ಆಯುಷ್ಮಾನ್ ಭಾರತ ಯೋಜನೆಯಡಿ ಬಂದ ಬೇರೆ ಹುದ್ದೆ. ಹೆಸರು ಏನೇ ಇರಲಿ, ಫಾರಂ ಅಚ್ಚಾಗುವ ಮೊದಲೇ ನಿಮ್ಮನ್ನು ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಕಾರಣ ಹೇಳುತ್ತೇನೆ. ಒಬ್ಬ ಗರ್ಭಿಣಿಯನ್ನೇ ಮೂರು ತ್ರೈಮಾಸಿಕಗಳಲ್ಲಿ ಮೂರು ಸಲ ನೋಡಬೇಕೆಂದು ಅಧ್ಯಯನದ ಯೋಜನೆಯಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಸುಗ್ಗಿ ಮುಗಿದ ಮೇಲೆ ನಿಮ್ಮ ಭಾಗದ ಮಳೆಯಾಶ್ರಿತ ಹೊಲಗಳ ಕುಟುಂಬಗಳು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುತ್ತವೆ. ಚೊಚ್ಚಲ ಬಸುರಿಯಾದರೆ ಕುಬುಸದ ಕಾರ್ಯ ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ಮೂರನೆಯ ಭೇಟಿಗೆ ಹೋದವರಿಗೆ ಸಿಗುವುದು ಬೀಗ ಹಾಕಿದ ಮನೆ. ಹೀಗೆ ಪಟ್ಟಿಯಿಂದ ಬಿಟ್ಟುಹೋಗುವವರಲ್ಲಿ ಬಡ ಕೂಲಿಕಾರ ಹೆಂಗಸರೇ ಹೆಚ್ಚಿದ್ದರೆ, ಉಳಿದವರ ಸರಾಸರಿ ಊರಿನ ನಿಜಸ್ಥಿತಿಗಿಂತ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ, ಒಪ್ಪಿಗೆ ಪಡೆದು, ತವರೂರಿನ ಹೆಸರನ್ನೂ ಅಲ್ಲಿ ಸಂಪರ್ಕಿಸುವ ಬಗೆಯನ್ನೂ ಬರೆದುಕೊಳ್ಳಲು, ಗುಳೆ ಹೋದವರನ್ನು ‘ಸಿಗಲಿಲ್ಲ’ ಎಂಬ ಕಲಮಿಗೆ ತಳ್ಳದೆ ಬೇರೆಯಾಗಿ ಎಣಿಸಲು ಸೂಚಿಸಿ. ಇದನ್ನು ಹೇಳಬಲ್ಲವರು ನೀವು ಮತ್ತು ನಿಮ್ಮ ಆಶಾ ಕಾರ್ಯಕರ್ತೆಯರು.

ರಕ್ತಪರೀಕ್ಷೆಯ ವಿಷಯದಲ್ಲೂ ಕೇಳುವುದಿದೆ. ಬೆರಳು ಚುಚ್ಚಿದಾಗ ಮೊದಲ ಹನಿಯನ್ನು ಒರೆಸಬೇಕು. ರಕ್ತ ಬಾರದೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ. ಗರ್ಭಿಣಿಯರಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ ಡೆಸಿಲೀಟರಿಗೆ 11 ಗ್ರಾಂ; ಹಿಮೋಗ್ಲೋಬಿನ್ ಅದಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡನೆಯ ತ್ರೈಮಾಸಿಕಕ್ಕೆ ಅದನ್ನು 10.5 ಎಂದು ನಿಗದಿಪಡಿಸಿತು. ತಂಡ ಯಾವ ಮಿತಿ ಹಿಡಿದಿದೆ, ಎಲ್ಲ ಊರುಗಳಲ್ಲೂ ಒಂದೇ ಬಗೆಯ ಮೀಟರ್ ಬಳಸುತ್ತದೆಯೇ ಎಂದು ಕೇಳಿ. ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಯೂ ಬೆರಳ ತುದಿಯ ರಕ್ತದಿಂದಲೇ ಬಂದದ್ದು, ಅದರ ಬಗ್ಗೆ ತಜ್ಞರ ತಕರಾರು ಇಂದಿಗೂ ಇದೆ.

ಹೆಚ್ಚು ಎಚ್ಚರ ಬೇಕಿರುವುದು ಒಪ್ಪಿಗೆಯಲ್ಲಿ. ಬಿ.ಪಿ. ಮಾತ್ರೆ, ಕಬ್ಬಿಣಾಂಶದ ಮಾತ್ರೆ ಕೊಡುವವರೂ ನೀವೇ, ಅಧ್ಯಯನಕ್ಕೆ ಸೇರುವಿರಾ ಎಂದು ಕೇಳುವವರೂ ನೀವೇ ಆದಾಗ, ‘ನೀವು ಕೇಳಿದ ಮ್ಯಾಲ ಇಲ್ಲ ಅನ್ನಾಕ ಆಗತೈತೇನ್ರಿ ಸಿಸ್ಟರ್’ ಎನ್ನುವವರೇ ಹೆಚ್ಚು. ಅದು ಒಪ್ಪಿಗೆಯಲ್ಲ, ದಾಕ್ಷಿಣ್ಯ. ಸೇರದಿದ್ದರೂ ಮಾತ್ರೆ, ತಪಾಸಣೆ ಎಂದಿನಂತೆ ಸಿಗುತ್ತವೆಂದು ಮೊದಲೇ ತಿಳಿಸಿ. ಸಾಧ್ಯವಾದರೆ ಒಪ್ಪಿಗೆ ಕೇಳುವ ಕೆಲಸವನ್ನು ತಂಡದವರೇ ಮಾಡಲಿ. ಓದು ಬಾರದವರ ಹೆಬ್ಬೆಟ್ಟಿನ ಗುರುತಿಗೆ ಅಧ್ಯಯನಕ್ಕೆ ಸಂಬಂಧಿಸದ, ಓದುಬಲ್ಲ ಸಾಕ್ಷಿಯೊಬ್ಬರಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಪ್ರಬಂಧದಲ್ಲಿ ನಿಮ್ಮ ಹೆಸರಿನ ಮಾತು: ಮಾಹಿತಿ ಸಂಗ್ರಹಿಸಿದ ಮಾತ್ರಕ್ಕೆ ಲೇಖಕರ ಸ್ಥಾನ ಸಿಗುವುದಿಲ್ಲ, ಕೃತಜ್ಞತೆಯ ಸಾಲು ಸಿಗಬಹುದು. ಯೋಜನೆ ಅಥವಾ ವಿಶ್ಲೇಷಣೆಯಲ್ಲಿ ಪಾಲ್ಗೊಂಡು, ಬರವಣಿಗೆಯನ್ನು ಪರಿಶೀಲಿಸಿ ತಿದ್ದಿ, ಅದರ ಹೊಣೆಯನ್ನೂ ಹೊತ್ತರೆ ಸ್ಥಾನ ಕೇಳಬಹುದು. ಕೆಲಸ ಶುರುವಾಗುವ ಮೊದಲೇ ಲಿಖಿತವಾಗಿ ಕೇಳಿ.

ಪ್ರಶ್ನೆ: ಗರ್ಭಿಣಿಯರ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿರುವ ಅಂಕಿಗಳನ್ನು ನನ್ನ ಎಂ.ಎಸ್ಸಿ. ಪ್ರಬಂಧಕ್ಕೆ ನೇರವಾಗಿ ಬಳಸಬಹುದೇ?
— ಓದುಗರು, ಮಾನ್ವಿ

ಉತ್ತರ: ನೇರವಾಗಿ ಬೇಡ. ಸೇವೆಗಾಗಿ ಬರೆದ ದಾಖಲೆ ಸಂಶೋಧನೆಗೆ ಬಳಕೆಯಾಗುವಾಗ ನೈತಿಕ ಸಮಿತಿಯ ಪರಿಶೀಲನೆಯೂ ಇಲಾಖೆಯ ಅನುಮತಿಯೂ ಬೇಕು; ಹೆಸರು, ಫೋನ್ ಸಂಖ್ಯೆ, ಮನೆ ಸಂಖ್ಯೆಗಳನ್ನು ಬಿಟ್ಟು ನಕಲು ಮಾಡಿಕೊಳ್ಳಿ.