ಐವಿ ಬಳ್ಳಿ ಗೋಡೆಯನ್ನೂ ಹತ್ತಿದೆ, ಮರವನ್ನೂ ಹತ್ತಿದೆ. ಕಿತ್ತು ಹಾಕಲೇ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಅಂದಕ್ಕೆಂದು ಐವಿ ಬಳ್ಳಿ ನೆಟ್ಟೆವು. ಮೊದಲೆರಡು ವರ್ಷ ಸುಮ್ನೆ ಇತ್ತು. ಈಗ ಗೋಡೆ ಹತ್ತಿ ಸೂರು ಮುಟ್ಟಿದೆ, ಪಕ್ಕದ ಮರವನ್ನೂ ಅರ್ಧ ಮುಚ್ಚಿದೆ. ಎಳೆದರೆ ಗೋಡೆಯ ಬಣ್ಣವೇ ಕಿತ್ತು ಬರುತ್ತದೆ. ಇದು ಮರದ ಸಾರ ಹೀರಿ ಕೊಲ್ಲುತ್ತದೆ ಅನ್ನುತ್ತಾರೆ, ನಿಜವೇ?

ಉತ್ತರ: ಮೊದಲು ಎಳೆಯುವುದನ್ನು ನಿಲ್ಲಿಸಿ. ಕಿತ್ತು ಬಂದ ಒಂದು ಕುಡಿಯ ಹಿಂಬದಿ ನೋಡಿ. ಜರಿಹುಳದ ಕಾಲಿನ ಹಾಗೆ ಸಾಲಾಗಿ ಸಣ್ಣ ಬೇರುಗಳಿರುತ್ತವೆ. ಅವು ಅಂಟು ಸುರಿಸಿ, ಗೋಡೆಯ ಸಣ್ಣ ಸಣ್ಣ ಕುಳಿಗಳಲ್ಲಿ ಕೂತು ಒಣಗಿ ಬಿಗಿಯುತ್ತವೆ. ಹಸಿ ಬಳ್ಳಿ ಎಳೆದರೆ ಬಣ್ಣ, ಗಾರೆ, ತೊಗಟೆ ಎಲ್ಲವೂ ಜೊತೆಗೇ ಬರುತ್ತವೆ.

ಐವಿ ಬಂದಳಿಕೆಯಲ್ಲ. ಮರದ ಸಾರ ಹೀರುವುದಿಲ್ಲ, ತನ್ನ ಊಟವನ್ನು ನೆಲದಿಂದಲೇ ಪಡೆಯುತ್ತದೆ. ಆದರೆ ಮರದ ತುದಿಯವರೆಗೆ ಹಬ್ಬಿದರೆ ಎಲೆಗಳಿಗೆ ಬಿಸಿಲು ತಪ್ಪುತ್ತದೆ, ಭಾರವೂ ಜಾಸ್ತಿ. ಜೋರು ಗಾಳಿಗೆ ಹಾಯಿ ಕಟ್ಟಿದಂತಾಗಿ ಕೊಂಬೆ ಮುರಿಯಬಹುದು. ಎಳೆಯ ಮರ, ಸೊರಗಿದ ಮರವಾದರೆ ಖಂಡಿತ ಬಿಡಿಸಿ.

ಬಿಡಿಸುವುದಕ್ಕೆ ಅವಸರ ಬೇಡ. ಬುಡದ ಸುತ್ತ ಬಳ್ಳಿಯ ಪ್ರತಿಯೊಂದು ಕಾಂಡವನ್ನೂ ಎರಡು ಕಡೆ ಕತ್ತರಿಸಿ, ನಡುವಿನ ಒಂದಡಿ ತುಂಡನ್ನು ತೆಗೆದುಬಿಡಿ. ಕತ್ತರಿಸಿದ ತುದಿಗಳು ಮತ್ತೆ ಮಣ್ಣು ಮುಟ್ಟಬಾರದು, ಅದಕ್ಕೇ ಈ ಅಂತರ. ಕೆಲವು ಕಾಂಡ ಮಣಿಕಟ್ಟಿನಷ್ಟು ದಪ್ಪ ಇರುತ್ತವೆ, ಅವಕ್ಕೆ ಗರಗಸ ಬೇಕು. ಹಲ್ಲು ತೊಗಟೆಗೆ ತಾಕದಂತೆ ನಿಧಾನವಾಗಿ ಆಡಿಸಿ. ಒಂದೇ ಒಂದು ಕಾಂಡ ಉಳಿದರೂ ಮೇಲಿನ ಭಾಗ ಹಸಿರಾಗೇ ಇರುತ್ತದೆ, ಹಾಗಾಗಿ ಮರವನ್ನು ಎರಡು ಸುತ್ತು ಸುತ್ತಿ ನೋಡಿ. ಮೇಲಿನದನ್ನು ಮುಟ್ಟಬೇಡಿ. ಕೆಲವು ತಿಂಗಳಲ್ಲಿ ಅದೇ ಒಣಗಿ ಉದುರುತ್ತದೆ. ಗೋಡೆಗೂ ಇದೇ ದಾರಿ. ಒಣಗಿದ ಮೇಲೆ ಉಳಿದ ಕಂದು ಬೇರುಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ.

ಗೋಡೆ ಗಟ್ಟಿಮುಟ್ಟಾಗಿದ್ದರೆ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಬಿರುಕು, ಸಡಿಲ ಗಾರೆ ಇದ್ದರೆ ಮಾತ್ರ ಬೇರು ಒಳಗೆ ನುಗ್ಗಿ ಇನ್ನಷ್ಟು ಸೀಳುತ್ತದೆ. ಉಳಿಸಿಕೊಳ್ಳುವುದಾದರೆ ಸೂರು, ಕಿಟಕಿ, ನೀರಿನ ಪೈಪಿನಿಂದ ಒಂದೂವರೆ ಅಡಿ ಕೆಳಗೇ ಇರುವಂತೆ ವರ್ಷಕ್ಕೆ ಎರಡು ಸಲವಾದರೂ ಸವರಿ. ಅದಕ್ಕೂ ಮೊದಲು ಒಳಗೆ ಹಕ್ಕಿಗೂಡು ಇದೆಯೇ ನೋಡಿ. ಇದ್ದರೆ ಮರಿ ಹಾರುವವರೆಗೆ ಕಾಯಿರಿ.

ಎತ್ತರದಲ್ಲಿ ಬಲಿತ ಕೊಂಬೆಗಳ ಎಲೆಗೆ ಕವಲು ಇರುವುದಿಲ್ಲ, ಅಂಚು ನೇರ. ಅಂಥ ಕೊಂಬೆಯಲ್ಲೇ ಹೂವು, ಕಪ್ಪು ಹಣ್ಣು ಬಿಡುವುದು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರ ದೂರ ಹರಡುತ್ತವೆ. ಬಳ್ಳಿಯನ್ನು ಉಳಿಸಿಕೊಳ್ಳುವುದಾದರೆ ಇಂಥ ಕೊಂಬೆಗಳನ್ನು ಮೊದಲು ಕತ್ತರಿಸಿ.

ನೆಲದಲ್ಲಿ ಹಬ್ಬಿದ್ದನ್ನು ಮಣ್ಣು ಒದ್ದೆ ಇದ್ದಾಗ ಬೇರುಸಹಿತ ಎತ್ತಿ. ಗೆಣ್ಣುಗೆಣ್ಣಿಗೂ ಬೇರು ಬಿಡುವ ಬಳ್ಳಿ ಇದು, ತುಂಡು ಉಳಿದರೆ ಮತ್ತೆ ಚಿಗುರುತ್ತದೆ. ಕಳೆನಾಶಕವನ್ನು ನೆಚ್ಚಿಕೊಳ್ಳಬೇಡಿ. ಎಲೆಯ ಮೇಲೆ ಮೇಣದಂಥ ಪದರ ಇರುವುದರಿಂದ ಸಿಂಪಡಿಸಿದ್ದು ಬಹುಪಾಲು ಜಾರಿ ಹೋಗುತ್ತದೆ. ಹಸಿ ಕಡ್ಡಿಗಳನ್ನು ನೇರವಾಗಿ ಗೊಬ್ಬರದ ಗುಂಡಿಗೆ ಹಾಕದೆ, ಬಿಸಿಲಲ್ಲಿ ಪೂರ್ತಿ ಒಣಗಿಸಿ.

ಕೈಗವಸು, ಉದ್ದ ತೋಳಿನ ಅಂಗಿ ಮರೆಯಬೇಡಿ. ಐವಿಯ ರಸ ತಾಗಿದರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಹಣ್ಣು, ಎಲೆ ಎರಡೂ ವಿಷ. ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಕಡೆ ಉದುರಿದ ಹಣ್ಣನ್ನು ಅಂದಂದೇ ಗುಡಿಸಿ ತೆಗೆಯಿರಿ.