ಕೈ ಬೀಸಿ ಆಡುವವರೂ ಗಿರಾಕಿಗಳೇ

ಪತ್ರ: ಕೈ ಬೀಸಿ ಆಡುವ ವಿಡಿಯೊ ಗೇಮ್‌ಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೈಯ ಅಲುಗಾಟ ನೋಡುವ ಮೈಕ್ರೋಸಾಫ್ಟಿನ ಕ್ಯಾಮೆರಾ ಕೈನೆಕ್ಟ್ ಮುಚ್ಚಿಹೋಯಿತು, ನಿಂಟೆಂಡೊದ ಗೇಮ್ ಯಂತ್ರ ವೀ ಮೂಲೆ ಸೇರಿತು. ಇದಕ್ಕಿನ್ನೂ ಮಾರುಕಟ್ಟೆ ಇದೆ ಅನ್ನೋದು ಸುಮ್ನೆ ಹಳೇ ಮೋಹ ಅಲ್ವಾ?
- ಓದುಗರೊಬ್ಬರು, ಧಾರವಾಡ

ಉತ್ತರ: ಗಂಟೆಗಟ್ಟಲೆ ಕೂತು ಆಡುವವರಿಗೆ ಬಟನ್ನೇ ಸಲೀಸು, ಒಪ್ಪಿದೆ. ಮೈಕ್ರೋಸಾಫ್ಟ್ 2017ರಲ್ಲಿ ಕೈನೆಕ್ಟ್ ತಯಾರಿಕೆ ನಿಲ್ಲಿಸಿದ್ದೂ ನಿಜ. ಆದರೆ ಯಾಕೆ ನಿಂತಿತು ಅಂತ ನೀವು ಕೇಳಲೇ ಇಲ್ಲವಲ್ಲ!

ನಿಂಟೆಂಡೊದ ಹಿಂದಿನ ಗೇಮ್ ಯಂತ್ರ ಗೇಮ್‌ಕ್ಯೂಬ್ ಸುಮಾರು 2.17 ಕೋಟಿ ಮಾರಾಟವಾಗಿ ಸುಸ್ತಾಗಿತ್ತು. ಸೋನಿ, ಮೈಕ್ರೋಸಾಫ್ಟ್ ಎರಡೂ ಇನ್ನಷ್ಟು ಚೆಂದದ ಚಿತ್ರಕ್ಕಾಗಿ ಪೈಪೋಟಿಗೆ ಬಿದ್ದಿದ್ದವು. ನಿಂಟೆಂಡೊ ಆ ಗೊಡವೆಗೇ ಹೋಗದೆ 2006ರಲ್ಲಿ ವೀ ತಂದಿತು. ಅದರ ಕಂಟ್ರೋಲರ್ ಟಿವಿ ರಿಮೋಟಿನಷ್ಟೇ ಗಾತ್ರ, ಒಳಗೆ ಕೈಯ ಅಲುಗಾಟ ಅಳೆಯುವ ಪುಟ್ಟ ಚಿಪ್. ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗ್ ಆಡಬೇಕಾ? ಕೆಳಗಿನ ಬಟನ್ ಒತ್ತಿ ಹಿಡಿದು ತೋಳು ಬೀಸಿ, ಚೆಂಡು ಬಿಡುವ ಹೊತ್ತಿಗೆ ಬೆರಳು ಸಡಿಲಿಸಿ. ಮುಗೀತು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಈ ಬೌಲಿಂಗಿನ ಪಂದ್ಯಗಳೇ ನಡೆದವು. ನಮ್ಮ ದೊಡ್ಡಮ್ಮ ಅಲ್ಲಿ ಮಗನ ಮನೆಗೆ ಹೋದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗನನ್ನು ಪಕ್ಕಕ್ಕೆ ಸರಿಸಿ ಆಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಟನ್ ತುಂಬಿದ ಕಂಟ್ರೋಲರನ್ನು ಅವರು ಮುಟ್ಟಿಯೂ ನೋಡಿದವರಲ್ಲ. ಕೊನೆಗೆ ವೀ ಮಾರಾಟವಾದದ್ದು 10 ಕೋಟಿಗೂ ಜಾಸ್ತಿ.

ಕೈನೆಕ್ಟಿನ ಕತೆಯೇ ಬೇರೆ. 2010ರಲ್ಲಿ ಬಂದಾಗ 60 ದಿನಕ್ಕೆ 80 ಲಕ್ಷ ಮಾರಾಟವಾಯಿತು. ಆದರೆ ಕ್ಯಾಮೆರಾಕ್ಕೆ ಇಡೀ ಮೈ ಕಾಣಬೇಕು. ಸೋಫಾ, ಟೀಪಾಯಿ ತುಂಬಿದ ಸಣ್ಣ ಹಾಲಿನಲ್ಲಿ ಹಿಂದೆ ಸರಿಯಲು ಜಾಗವೆಲ್ಲಿ? 2013ರಲ್ಲಿ ಅದನ್ನು ಮೈಕ್ರೋಸಾಫ್ಟಿನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ ಜೊತೆ ಕಡ್ಡಾಯವಾಗಿ ಕಟ್ಟಿ 499 ಡಾಲರಿಗೆ ಮಾರಿದರು. ಸೋನಿಯ ಪ್ಲೇಸ್ಟೇಷನ್ 4 ಬರೀ 399ಕ್ಕೆ ಸಿಗುತ್ತಿತ್ತು. ಮರುವರ್ಷವೇ ಡಬ್ಬದಿಂದ ತೆಗೆದರು. ಎಲ್ಲರ ಮನೆಯಲ್ಲೂ ಇಲ್ಲದ ಸಾಧನಕ್ಕೆ ಯಾರು ತಾನೇ ಆಟ ಬರೆಯುತ್ತಾರೆ? ಹೆಸರು ಕೆಟ್ಟದ್ದು ಮಾತ್ರ ಕೈ ಬೀಸುವ ಆಟದ್ದು. ನೀವೂ ಅದನ್ನೇ ನಂಬಿಕೊಂಡಿದ್ದೀರಿ.

ಅಲುಗಾಟ ಅಳೆಯುವ ಆ ಚಿಪ್ ಈಗಲೂ ಎಲ್ಲೂ ಹೋಗಿಲ್ಲ. ನಿಂಟೆಂಡೊದ 2017ರ ಗೇಮ್ ಯಂತ್ರ ಸ್ವಿಚ್‌ನ ಜಾಯ್‌ಕಾನ್ ಎಂಬ ಕಂಟ್ರೋಲರಿನಲ್ಲಿ ಇದೆ, ಪ್ಲೇಸ್ಟೇಷನ್ 5ರ ಕಂಟ್ರೋಲರಿನಲ್ಲೂ ಇದೆ. ಬಣ್ಣ ಎರಚುವ ಸ್ಪ್ಲಟೂನ್ ಆಟ ಆಡುವವರಲ್ಲಿ ಬಹಳ ಮಂದಿ ಕೈ ಓರೆ ಮಾಡಿಯೇ ಗುರಿ ಹಿಡಿಯುತ್ತಾರೆ. ಬಳೆಯಂಥ ರಿಂಗ್ ಹಿಡಿದು ಬೆವರಿಳಿಸುವ ರಿಂಗ್ ಫಿಟ್ ಅಡ್ವೆಂಚರ್ 1.5 ಕೋಟಿ ದಾಟಿದೆ. ಕೊಳ್ಳುವವರು ಇದ್ದಾರೆ ಸ್ವಾಮಿ, ಅವರಿಗೆಂದು ಆಟ ಮಾಡುವವರು ಸಾಲದು.

ಹಿರಿಯರನ್ನು ಮರೆಯುವುದು ಗೇಮಿಗಷ್ಟೇ ಅಂಟಿದ ರೋಗವೂ ಅಲ್ಲ. ಬ್ಯಾಂಕಿನ ಆ್ಯಪ್ ತೆರೆಯಿರಿ, ಅಕ್ಷರ ಇರುವೆ ಸಾಲು. ಟಿವಿ ರಿಮೋಟಿನ ತುಂಬ ಯಾರೂ ಒತ್ತದ ಬಟನ್. ಎಲ್ಲವೂ ಇಪ್ಪತ್ತೈದರ ಕಣ್ಣಿಗೆ, ಇಪ್ಪತ್ತೈದರ ಬೆರಳಿಗೆ. ವಯಸ್ಸಾದವರು ತಡವರಿಸಿದರೆ ಅವರಿಗೇ ಬರುವುದಿಲ್ಲ ಅಂತ ಬೈಗುಳ. ಮುಂದಿನ ಪತ್ರ ಬರೆಯುವ ಮುಂಚೆ ನಿಮ್ಮ ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ.